ಬೆಳದಿಂಗಳು ಡಾಬಾದ ಬೋರ್ಡು

ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಾದರೂ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರೆ ನನಗೆ ಅರಸೀಕೆರೆಯ ನಮ್ಮ ನಡುಮನೆ ನೆನಪಾಗುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆರದ ಸಿಟ್ಟು. ಅಪ್ಪ ಬೋರ್ಡು ಬರೆಯುವವನು. ಗೋಡೆಗೆ ಒರಗಿಸಿದ ತಗಡುಗಳು, ಎಣ್ಣೆಬಣ್ಣದ ಡಬ್ಬಿಗಳು, ಅವುಗಳ ನಡುವೆ ಜಾಗ ಮಾಡಿಕೊಂಡು ಅವ್ವ ಮುದ್ದೆ ಬಡಿಸುತ್ತಿದ್ದಳು. ಉಪ್ಸಾರಿಗೂ ಅದೇ ವಾಸನೆ. ಹಳದಿ ಅಕ್ಷರ ಬರೆದು, ಬಣ್ಣ ಇನ್ನೂ ಹಸಿಯಿರುವಾಗಲೇ ಅಪ್ಪ ಹಳೆಯ ಬನಿಯನ್ ಚೂರಿನಿಂದ ಅದರ ಅಂಚನ್ನು ಮೆಲ್ಲಗೆ ಹೊರಕ್ಕೆ ತೀಡುತ್ತಿದ್ದ. ತೀಡುತ್ತಾ ತೀಡುತ್ತಾ ಕಪ್ಪು ತಗಡಿನ ಮೇಲೆ ದೀಪ ಹತ್ತಿಕೊಳ್ಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ನೀವೂ ಚಿಕ್ಕಂದಿನಲ್ಲಿ ಯಾರದೋ ಪಕ್ಕ ಹಾಗೆ ಕೂತಿರುತ್ತೀರಿ. ಆ ಸುಖ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಫ್ಲೆಕ್ಸ್ ಬಂತು, ಅಪ್ಪನ ತಗಡುಗಳು ಹಿತ್ತಿಲು ಸೇರಿದವು. ಮನೆಯ ಮುಂದಿನ ಕೋಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಚಿಕ್ಕಪ್ಪ ಕಂಪ್ಯೂಟರ್ ತಂದು ಅದರ ಮುಂದೆ ತನ್ನ ಮಗ ಮಂಜನನ್ನು ಕೂರಿಸಿದ. ಮಂಜ ಫೋಟೋಶಾಪಿನಲ್ಲಿ ಹೆಸರು ಟೈಪ್ ಮಾಡಿ, ಅಕ್ಷರದ ಸುತ್ತ ಬೆಳಕು ಹಬ್ಬಿಸುವ 'ಗ್ಲೋ' ಒತ್ತುತ್ತಿದ್ದ, ಅಷ್ಟೇ ಅವನ ವಿದ್ಯೆ. ಅಂಗಡಿ ಹೆಸರಿಗೂ ಗ್ಲೋ, ತಿಥಿ ಕಾರ್ಡಿಗೂ ಗ್ಲೋ. ಅದೂ ಬೇಜಾರಾಗಿ ಕ್ರಿಕೆಟ್ ಆಡಲು ಹೋಗುತ್ತಿದ್ದ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಆ ಖಾಲಿ ಕುರ್ಚಿಯಲ್ಲಿ ಕೂತು ಒಂದೊಂದನ್ನೇ ಒತ್ತಿ ನೋಡುತ್ತಾ ಕಲಿತೆ. ಹಳೇಬೀಡು ರಸ್ತೆಯಲ್ಲಿ ಡಾಬಾ ತೆರೆಯುತ್ತಿದ್ದವರೊಬ್ಬರು 'ಬೆಳದಿಂಗಳು' ಎಂಬ ಹೆಸರು ಫ್ಲೆಕ್ಸಿನ ಮೇಲೆಯೇ ಗಾಜಿನ ಟ್ಯೂಬಿನ ಲೈಟಿನ ಹಾಗೆ ಉರಿಯುತ್ತಿರಬೇಕು ಎಂದು ಕೇಳಿಕೊಂಡು ಬಂದಾಗ ಮಂಜ ಕೈಚೆಲ್ಲಿದ. ನಾನು ಒಪ್ಪಿಕೊಂಡೆ. ಅಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ.

"ಮೊದ್ಲು ಗ್ವಾಡೆ ಕಪ್ಪು ಮಾಡವ್ವ. ಬಿಳೀ ಗ್ವಾಡೆ ಮ್ಯಾಲೆ ಲೈಟ್ ಹಾಕುದ್ರೆ ಏನ್ ಕಾಣ್ತೈತೆ?" ಎಂದ.

ನಾನು ಇಟ್ಟಿಗೆ ಗೋಡೆಯ ಫೋಟೋ ಹಾಕಿ ಕಪ್ಪಾಗಿಸಿದೆ. ಟ್ಯೂಬು ಎಲ್ಲಿ ಬಗ್ಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಅಪ್ಪ ಪರದೆಯ ಮೇಲೆ ಬೆರಳಾಡಿಸಿ ತೋರಿಸಿದ. ಅಕ್ಷರದ ನಡುಗೆರೆ ಹೆಚ್ಚುಕಡಿಮೆ ಬಿಳಿ, ಅದರಾಚೆ ನೀಲಿ, ಅದರಾಚೆ ಇಟ್ಟಿಗೆಯ ಅಂಚುಗಳ ಮೇಲೆ ಬಿದ್ದ ಮಂದ ಬೆಳಕು. ಒಂದೊಂದಕ್ಕೂ ಬೇರೆ ಲೇಯರ್, ಒಂದರ ಮೇಲೊಂದು ಪದರ. ಟ್ಯೂಬನ್ನು ಗೋಡೆಗೆ ಹಿಡಿದಿಡುವ ಕ್ಲಿಪ್ಪುಗಳನ್ನೂ, ಅವುಗಳ ನೆರಳನ್ನೂ ಬಿಡಲಿಲ್ಲ. ಸರಿಹೋಗದಿದ್ದಾಗ ಅಪ್ಪ ನನ್ನನ್ನು ಸಂಜೆ ಸ್ಟೇಷನ್ ರಸ್ತೆಗೆ ಕರೆದೊಯ್ದು, ಹೋಟೆಲೊಂದರ ಲೈಟ್ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡು ಎಂದ. ನೋಡಿದೆ, ಬಂದು ತಿದ್ದಿದೆ. ಬೋರ್ಡು ಮೇಲೇರಿದ ದಿನ ಬಸ್ಸಿನಲ್ಲಿದ್ದವರು ಅದಕ್ಕೆ ಕರೆಂಟ್ ಎಲ್ಲಿಂದ ಎಳೆದಿದ್ದಾರೆ ಎಂದು ಕತ್ತು ಹೊರಹಾಕಿ ನೋಡಿದರಂತೆ. ನನಗೆ ಅನ್ನ ಸೇರಲಿಲ್ಲ, ಅಷ್ಟು ಖುಷಿ. ಇದೇ ನನ್ನ ಕೆಲಸ ಎಂದು ಅವತ್ತೇ ನಿರ್ಧಾರ ಮಾಡಿಬಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ ಕಣಕಟ್ಟೆಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗನ ಸೋದರಮಾವ ಕಾಫಿ ಲೋಟ ತೆಗೆದುಕೊಳ್ಳುತ್ತಾ ಆ ಬೋರ್ಡನ್ನು ಹೊಗಳಿದ, ಯಾರು ಮಾಡಿದ್ದು ಎಂದ. ಚಿಕ್ಕಪ್ಪ ತಟ್ಟನೆ, "ನಮ್ ಮಂಜ ಕಣ್ರೀ. ನಮ್ಮನೆ ಹೆಣ್ಮಕ್ಳು ಅಂಗ್ಡಿ ಕಡೆ ತಲೆ ಹಾಕಲ್ಲ" ಅಂದುಬಿಟ್ಟ. ಆ ಮನುಷ್ಯ ಅಪ್ಪನ ಕಡೆ ತಿರುಗಿ, "ಹೌದೇನ್ರಿ ಯಜಮಾನ್ರೆ? ಭಾರಿ ಹುಡ್ಗ!" ಎಂದ. ಕೈಯಲ್ಲಿ ತಟ್ಟೆ ಹಿಡಿದು ನಾನು ಅಪ್ಪನ ಬಾಯಿಯನ್ನೇ ನೋಡುತ್ತಾ ನಿಂತೆ.

"ಹೂಂ, ಅವ್ನೇ ಮಾಡಿದ್ದು" ಎಂದ ಅಪ್ಪ.

ಆ ಸಂಬಂಧ ಕೂಡಿಬರಲಿಲ್ಲ. ಆದರೂ ನಾನು ಮತ್ತೆ ಆ ಕುರ್ಚಿಯಲ್ಲಿ ಕೂರುವಂತಿರಲಿಲ್ಲ. ಆಡಿದ ಮಾತು ನಿಜವಾಗಬೇಕಲ್ಲ! ಮಂಜ ಆ ಬೋರ್ಡಿನ ಫೋಟೋವನ್ನು ಸ್ಟುಡಿಯೋ ಗಾಜಿಗೆ ಅಂಟಿಸಿ ಕೆಳಗೆ ತನ್ನ ಹೆಸರು ಹಾಕಿಕೊಂಡ. ಚಿಕ್ಕಪ್ಪನ ಮೇಲೆ ನನಗೆ ಅಂಥ ಕೋಪವಿಲ್ಲ, ಅವನು ಇದ್ದದ್ದೇ ಹಾಗೆ. ಕೋಪವೆಲ್ಲ ಅಪ್ಪನ ಮೇಲೆ, ನನಗೆ ಬೆಳಕು ನೋಡುವುದನ್ನು ಕಲಿಸಿದವನ ಮೇಲೆ.

ಆ ಮನೆ ಈಗಿಲ್ಲ. ಕೆಡವಿ ಕಾಂಪ್ಲೆಕ್ಸ್ ಕಟ್ಟಿದ್ದಾರೆ. ನನಗೆ ಬೇರೆ ಕಡೆ ಮದುವೆಯಾಗಿ, ಮಗುವಾದ ಮೇಲೆ ಒಮ್ಮೆ ಅಪ್ಪನ ಜೊತೆ ಬಸ್ಸಿನಲ್ಲಿ ಹಳೇಬೀಡಿಗೆ ಹೊರಟಿದ್ದೆ. ಡಾಬಾ ಮುಚ್ಚಿತ್ತು. ಬೋರ್ಡು ಬಿಸಿಲಿಗೆ ಬಿಳಿಚಿಕೊಂಡು ಒಂದು ಮೂಲೆ ಹರಿದು ನೇತಾಡುತ್ತಿತ್ತು. ಅಪ್ಪ ಅದು ಕಣ್ಮರೆಯಾಗುವವರೆಗೂ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಅದು ನೀನ್ ಮಾಡಿದ್ದು ಕಣವ್ವ" ಎಂದ. ಮುಂದಿನ ಸೀಟಿನವರಿಗೂ ಕೇಳಿಸಲಿಲ್ಲ, ಅಷ್ಟು ಮೆತ್ತಗೆ. ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಜೋರಾಗಿ ಹೇಳಪ್ಪ, ಎಂದು ನಾನು ಇವತ್ತಿಗೂ ಅವನನ್ನು ಬೈಯುತ್ತೇನೆ.