ಬ್ಯಾಟರಿ ಪೆಟ್ಟಿಗೆಗೆ ಮಂಗಳಾರತಿ

ನನ್ನ ಮಾವನ ಕೈಯಲ್ಲಿದ್ದ ಮಂಗಳಾರತಿ ತಟ್ಟೆಗೆ ನಾನು ಹೊಡೆದದ್ದು ಆಯುಧಪೂಜೆಯ ದಿನ, ಊರಿನ ಅರ್ಧ ಜನ ನೋಡುತ್ತಿರುವಾಗ. ಹೊಡೆಯದೆ ಬೇರೆ ದಾರಿ ಇರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೂ ಆ ದಿನ ನೆನಪಾದರೆ ಒಬ್ಬನೇ ಕೂತಲ್ಲೇ ಕಿವಿ ಬಿಸಿಯಾಗುತ್ತದೆ. ತಪ್ಪು ಮಾಡಿದವನಿಗಾದರೆ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನುವ ಅನುಕೂಲವಾದರೂ ಇರುತ್ತದೆ. ಸರಿಯಾದದ್ದನ್ನು ಮಾಡಿ ನಾಚಿಕೆಪಟ್ಟುಕೊಂಡವನು ಯಾರ ಕಾಲಿಗೆ ಬೀಳಬೇಕು?

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಸನಗರದಿಂದ ಸಾಕಷ್ಟು ಒಳಗಿದ್ದ ಒಂದು ಹಳ್ಳಿಯ ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜಿಗೆ ನಾನು ಮೆಕ್ಯಾನಿಕ್. ಎಕ್ಸ್‌ಚೇಂಜ್ ಅಂದರೆ ದೊಡ್ಡದೇನಲ್ಲ, ಬಾಡಿಗೆ ಮನೆಯೊಂದರ ಮುಂದಿನ ಕೋಣೆ; ಹಿಂದಿನ ಭಾಗದಲ್ಲಿ ನನ್ನ ಬಿಡಾರ. ಬ್ಯಾಟರಿಗಳನ್ನು ಅದೇ ಕೋಣೆಯಲ್ಲಿಟ್ಟರೆ ಆಸಿಡ್ಡಿನ ಹಬೆ ಯಂತ್ರದ ತಂತಿಗಳನ್ನೆಲ್ಲ ತಿಂದುಹಾಕುತ್ತದೆ. ಹಾಗಾಗಿ ಅಂಗಳದಲ್ಲಿ ಕಲ್ಲಿನ ಕಟ್ಟೆ ಕಟ್ಟಿ, ಮೇಲೆ ಜಿಂಕ್ ಶೀಟು ಹೊದಿಸಿ, ಒಂದು ಕಬ್ಬಿಣದ ಬೀರುವಿನೊಳಗೆ ಅವನ್ನು ಸಾಲಾಗಿ ಜೋಡಿಸಿದ್ದರು. ಗಾಳಿಯಾಡಲು ಮೇಲೂ ಕೆಳಗೂ ಜಾಲರಿ ಕಿಂಡಿ. ಊರವರ ಬಾಯಲ್ಲಿ ಅದು ಬ್ಯಾಟರಿ ಪೆಟ್ಟಿಗೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಅಷ್ಟೂ ದಿನ ಊರಿನ ಫೋನುಗಳು ಉಸಿರಾಡುತ್ತಿದ್ದುದು ಆ ಪೆಟ್ಟಿಗೆಯಿಂದ.

ಅದರ ಚಾಕರಿ ಬಾಣಂತಿಯ ಚಾಕರಿಗಿಂತ ಕಡಿಮೆಯಿರಲಿಲ್ಲ. ಡಿಸ್ಟಿಲ್ಡ್ ವಾಟರ್ ಇಳಿದಿದೆಯೇ ನೋಡಿ ತುಂಬಬೇಕು. ಗಾಜಿನ ನಳಿಗೆಯಲ್ಲಿ ಆಸಿಡ್ ಎಳೆದು ಅದರ ತೂಕ ನೋಡಬೇಕು. ಕೊಂಡಿಗಳಿಗೆ ಹಿಡಿದ ಬಿಳಿ ಕಿಲುಬನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ ವ್ಯಾಸಲಿನ್ ಸವರಬೇಕು. ಕಿಂಡಿಗಳಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟಿದರೆ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಕಟ್ಟುತ್ತದೆ. ಕೈಯಲ್ಲಿ ಉಂಗುರ, ವಾಚು ಕೂಡದು. ಇಷ್ಟೆಲ್ಲ ಜಾಗ್ರತೆ ಮಾಡಿದರೂ ಒಂದು ಹನಿ ಆಸಿಡ್ ಎಲ್ಲೋ ಹಾರಿರುತ್ತದೆ. ಅಂಗಿ ಹಾಕಿಕೊಂಡಾಗ ಗೊತ್ತಾಗುವುದಿಲ್ಲ, ಒಗೆಯಲು ಹೋದಾಗ ಬಟ್ಟೆ ಹಪ್ಪಳದಂತೆ ಕೈಗೆ ಬರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಒಗೆಯುವ ಕಲ್ಲಿನ ಮೇಲೆ ನನ್ನ ಅಂಗಿ ಹಿಡಿದುಕೊಂಡು, "ನಿಮ್ಮ ಇಲಾಖೇಲಿ ಇಲಿಗಳಿಗೂ ಸಂಬಳ ಕೊಡ್ತಾರಾ?" ಎಂದು ಕೇಳಿದ್ದಳು.

ಎಲ್ಲಕ್ಕಿಂತ ದೊಡ್ಡ ನಿಯಮ ಬೆಂಕಿಯದು. ಬ್ಯಾಟರಿ ಚಾರ್ಜ್ ಆಗುವಾಗ ಕೊನೆಕೊನೆಗೆ ಒಳಗಿನ ನೀರು ಕುದಿಯುವಂತೆ ಗುಳುಗುಳು ಅನ್ನುತ್ತದೆ. ಆಗ ಬರುವ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಒಂದು ಕಿಡಿ ಸಾಕು. ಎಪ್ಪತ್ತರ ದಶಕದಲ್ಲಿ ಸಾಗರದಲ್ಲಿ ನನಗೆ ಈ ಕೆಲಸ ಕಲಿಸಿದ ಹಿರಿಯರಿಗೆ ಒಂದು ಕಣ್ಣಿರಲಿಲ್ಲ. ಕರೆಂಟು ಹೋಗಿದ್ದಾಗ ಪಕ್ಕದಲ್ಲಿದ್ದವನೊಬ್ಬ ನೀರಿನ ಮಟ್ಟ ಕಾಣಲಿ ಎಂದು ಬೆಂಕಿಕಡ್ಡಿ ಗೀರಿದ್ದನಂತೆ. ಅವರು ಆ ಕಥೆಯನ್ನು ಒಂದೇ ಸಲ ಹೇಳಿದ್ದು. ಆಮೇಲೆ ನಾನು ಯಾರ ಜೇಬಿನಲ್ಲಿ ಬೀಡಿ ಕಂಡರೂ ಪೆಟ್ಟಿಗೆಯ ಹತ್ತಿರ ಬಿಡುತ್ತಿರಲಿಲ್ಲ. ಕೋಪ ಮೊದಲೇ ಮೂಗಿನ ತುದಿಯಲ್ಲಿತ್ತು, ಹಾಗಾಗಿ ಊರವರು ನನ್ನನ್ನು ಬ್ಯಾಟರಿ ಭಟ್ಟ ಎಂದು ಕರೆಯುತ್ತಿದ್ದರು. ನಾನು ಭಟ್ಟರ ಜಾತಿಯವನಲ್ಲ, ನನ್ನ ಮಡಿ ನೋಡಿ ಇಟ್ಟ ಹೆಸರು.

ಆ ವರ್ಷ ದಸರಾ ಹೊತ್ತಿಗೆ ನನ್ನ ಹೆಂಡತಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗಲು ಮಾವ ಅರಳಸುರಳಿ ಕಡೆಯಿಂದ ಹಬ್ಬದ ಹಿಂದಿನ ದಿನ ಬಂದರು. ಗದ್ದೆ ತೋಟ ಇದ್ದವರು, ನಾಲ್ಕು ಊರಿನ ಪಂಚಾಯ್ತಿಕೆಗೆ ಹೋಗಿ ಕೂರುವವರು, ಕಡಿಮೆ ಮಾತಿನವರು. ಸಂಬಳದ ಅಳಿಯನಿಗೆ ಮಗಳನ್ನು ಕೊಟ್ಟದ್ದಕ್ಕೆ ನೆಂಟರೆಲ್ಲ ಮೂಗು ಮುರಿದಾಗ ನನ್ನ ಪರವಾಗಿ ನಿಂತವರು ಅವರೊಬ್ಬರೇ. ಹೆಣ್ಣು ಕೊಟ್ಟ ಮಾವ ಕಣ್ಣು ಕೊಟ್ಟ ದೇವರು ಅನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಬರೀ ಗಾದೆಯಾಗಿರಲಿಲ್ಲ.

ನಾಲ್ಕೈದು ದಿನ ಇಲ್ಲದ ಕರೆಂಟು ಅದೇ ಸಂಜೆ ಬಂತು. ಬ್ಯಾಟರಿಗಳು ಬರಿದಾಗಿದ್ದವು, ಚಾರ್ಜಿಗೆ ಹಾಕಿದೆ. ಬೆಳಗಿನ ಹೊತ್ತಿಗೆ ಪೆಟ್ಟಿಗೆಯೊಳಗೆ ಗುಳುಗುಳು ಜೋರಾಗಿತ್ತು. ಪ್ರತಿವರ್ಷ ನಾನು ಮಾಡಿಕೊಂಡ ಏರ್ಪಾಡೊಂದಿತ್ತು: ಪೆಟ್ಟಿಗೆಯ ಮುಚ್ಚಿದ ಬಾಗಿಲಿಗೆ ಕುಂಕುಮ, ಚೆಂಡು ಹೂವಿನ ಮಾಲೆ, ಅಷ್ಟೇ. ಮಂಗಳಾರತಿ ಜಗಲಿಯ ಮೇಲೆ ಟೆಲಿಫೋನಿಗೆ. ಸ್ಪ್ಯಾನರು, ಕಟಿಂಗ್ ಪ್ಲೇಯರು, ಪೆಟ್ಟಿಗೆಯ ಬೀಗದ ಕೈ ಎಲ್ಲ ಪೂಜೆಯ ಹರಿವಾಣದಲ್ಲಿ. ಅವತ್ತು ಆಯುಧ ಮುಟ್ಟುವ ಹಾಗಿಲ್ಲ. ಅಕ್ಕಪಕ್ಕದವರು, ಫೋನಿದ್ದ ಮನೆಗಳವರು ಬಂದು ಸೇರಿದ್ದರು. ಹಿರಿಯರೆಂದು ಆರತಿಯನ್ನು ಮಾವನಿಗೇ ಬಿಟ್ಟಿದ್ದೆವು. ಅಷ್ಟರಲ್ಲಿ ಒಳಗೆ ಯಂತ್ರದಲ್ಲಿ ಏನೋ ಸದ್ದಾಯಿತು, ನೋಡಲು ಹೋದೆ.

ನಾನು ಒಳಗಿದ್ದಾಗ ಹೊರಗೆ ಆದದ್ದು ಇಷ್ಟು. ಜಗಲಿಯ ಆರತಿ ಮುಗಿಸಿದ ಮಾವ ಅಂಗಳಕ್ಕಿಳಿದು ಪೆಟ್ಟಿಗೆ ನೋಡಿದರು. "ಬಾಗ್ಲು ಹಾಕಿದ್ ದೇವ್ರಿಗೆ ಹೂ ಹಾಕಿ ಬಂದ್ಬಿಡ್ತೀರಾ? ತೆಗೀರಿ, ಮಂಗಳಾರ್ತಿ ಮಾಡ್ತೀನಿ" ಎಂದರು. ಗರ್ಭಗುಡಿಯ ಬಾಗಿಲು ತೆರೆಯದೆ ಮಂಗಳಾರತಿ ಎಲ್ಲಿಯಾದರೂ ಉಂಟೇ? ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಲೈನ್‌ಮನ್ ಹಿರಿಯರಿಗೆ ಇಲ್ಲವೆನ್ನಲಾರದೆ ಹರಿವಾಣದಿಂದ ಬೀಗದ ಕೈ ಎತ್ತಿಕೊಂಡು, ಕಣ್ಣಿಗೊತ್ತಿಕೊಂಡು, ಎರಡೂ ಬಾಗಿಲು ತೆರೆದ.

ನಾನು ಹೊಸ್ತಿಲಿಗೆ ಬಂದಾಗ ಕಂಡದ್ದು, ಉರಿಯುವ ಕರ್ಪೂರದ ತಟ್ಟೆ ಬ್ಯಾಟರಿಗಳ ಮೇಲಿನ ಸಾಲಿನ ಕಡೆಗೆ ಏಳುತ್ತಿರುವುದು. ಪಕ್ಕದಲ್ಲೇ ಹೂವಿನ ಬುಟ್ಟಿ ಹಿಡಿದು ನನ್ನ ಹೆಂಡತಿ. ಕೂಗುವಷ್ಟು ಹೊತ್ತಿರಲಿಲ್ಲ. ಕಾಲು ಓಡಿತು, ಕೈ ಬೀಸಿತು. ತಟ್ಟೆ ಹಾರಿ ಅಂಗಳದಾಚೆ ಬಿತ್ತು. ಕರ್ಪೂರ ಕೆಸರಿನಲ್ಲಿ ಸುಯ್ಯೆಂದು ಆರಿತು. ತಟ್ಟೆಯಲ್ಲಿದ್ದ ಕುಂಕುಮದ ನೀರು ಮಾವನ ಬಿಳೀ ಪಂಚೆಯ ಮೇಲೆ ಸೊಂಟದಿಂದ ಮೊಣಕಾಲವರೆಗೆ ಚೆಲ್ಲಿತ್ತು. ನನ್ನ ಏಟು ಬರೀ ತಟ್ಟೆಗಲ್ಲ, ಅವರ ಮಣಿಕಟ್ಟಿಗೂ ಬಿದ್ದಿತ್ತು. ಅವರು ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಗ್ಯಾಸು, ಮಾವ, ಗ್ಯಾಸು ಇರುತ್ತೆ" ಎಂದು ತೊದಲಿದೆ. ಯಾರಿಗೂ ಗ್ಯಾಸು ಕಾಣಲಿಲ್ಲ. ಕಂಡದ್ದು ಹಬ್ಬದ ದಿನ ನೆಲಕ್ಕೆ ಬಿದ್ದ ಆರತಿ, ಬಸುರಿ ಮಗಳ ಎದುರು ಅಳಿಯನಿಂದ ಏಟು ತಿಂದ ಹಿರಿಯ. ಗುಂಪಿನಲ್ಲಿ ಒಬ್ಬಾಕೆ, "ಎಂತ ಕಾಲ ಬಂತು" ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿತು. ನಾನು ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು: ಅದು ಸಿಡಿದಿದ್ದರೆ ಆಸಿಡ್ ನಿಮ್ಮ ಮಗಳ ಮುಖಕ್ಕೆ ಹಾರುತ್ತಿತ್ತು, ಹೊಟ್ಟೆಗೆ ಹಾರುತ್ತಿತ್ತು. ಆದರೆ ತುಂಬಿದ ಬಸುರಿಯ ಎದುರು ಅಂಥ ಮಾತನ್ನು ಬಾಯಲ್ಲಿ ಆಡಬಾರದು. ಆ ಮಾತನ್ನು ನುಂಗಿಕೊಂಡೆ.

ಮಾವ ಪಂಚೆ ಬದಲಾಯಿಸಿದರು. ಹಬ್ಬದ ಊಟಕ್ಕೆ ಕೂರಲಿಲ್ಲ, ಹಸಿವಿಲ್ಲ ಎಂದರು. ಮಧ್ಯಾಹ್ನದ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೊರಟರು. ನಾನು ಗಂಟುಮೂಟೆಗಳನ್ನು ಬಸ್ಸಿಗೆ ಏರಿಸಿ ಕೆಳಗೆ ನಿಂತೆ. ಹೆಂಡತಿ ಕಿಟಕಿಯಿಂದ ನೋಡಿದಳು. ಮಾವ ನೋಡಲಿಲ್ಲ.

ಊರಿನಲ್ಲಿ ನಾನು ಸಿಕ್ಕವರಿಗೆಲ್ಲ ಗ್ಯಾಸಿನ ಪಾಠ ಹೇಳುತ್ತ ತಿರುಗಿದೆ. ಎಲ್ಲರೂ ಕೇಳಿಸಿಕೊಂಡರು. ಕೊನೆಗೆ ಎಲ್ಲರದ್ದೂ ಒಂದೇ ಮಾತು: "ಆದ್ರೆ ಏನೂ ಆಗ್ಲಿಲ್ವಲ್ಲ ಮಾರಾಯ್ರೆ." ಏನೂ ಆಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಹಾಗಾಗಿ ನಾನು ಮಾಡಿದ್ದಕ್ಕೆ ಸಾಕ್ಷಿ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಹೋದೆ. ಮರ್ಯಾದೆಗೆ ಕಡಿಮೆಯಾಗಲಿಲ್ಲ, ಅದೇ ಕಷ್ಟವಾಯಿತು. ನಾನು ಎದುರಿಗೇ ಕೂತಿದ್ದರೂ ಮಾವ ತಮ್ಮ ಮಗನಿಗೆ, "ಅಳಿಯಂದ್ರಿಗೆ ಬಿಸ್ನೀರು ಕೊಡು," "ಅಳಿಯಂದ್ರ ಎಲೆಗೆ ತುಪ್ಪ ಹಾಕು" ಎನ್ನುತ್ತಿದ್ದರು. ನೇರವಾಗಿ ನನ್ನ ಜೊತೆ ಒಂದು ಮಾತಿಲ್ಲ. ಬೈದಿದ್ದರೆ ಉಂಡ ಅನ್ನ ಜೀರ್ಣವಾಗುತ್ತಿತ್ತು. ಅವರ ಮನೆಯಲ್ಲಿ ಆಗಷ್ಟೇ ಗೋಬರ್ ಗ್ಯಾಸ್ ಹಾಕಿಸಿದ್ದರು. ಅದನ್ನೇ ಹಿಡಿದು ಅತ್ತೆಗೆ, ಬ್ಯಾಟರಿಯ ಗ್ಯಾಸೂ ಹಾಗೆಯೇ, ಆದರೆ ವಾಸನೆ ಇರುವುದಿಲ್ಲ ಎಂದು ವಿವರಿಸಲು ಹೊರಟೆ. ಜಗಲಿಯಿಂದ ಮಾವ ಮಗನಿಗೆ ಹೇಳಿದ್ದು ಕೇಳಿಸಿತು: "ನಮ್ ಗೋಬರ್ ಗ್ಯಾಸಿನ್ ಒಲೆ ಪಕ್ಕಾನೇ ದಿನಾ ದೇವ್ರ ದೀಪ ಹಚ್ತಾರೆ. ಎಂತ ಆಗಿದ್ಯಂತೆ, ಕೇಳು." ಮೈದುನ ಕೇಳಲಿಲ್ಲ. ಪಾಪ, ಅವನಿಗೂ ನಾಚಿಕೆ.

ಅಲ್ಲಿಂದ ಬಂದ ಮೇಲೆ ಮನಸ್ಸಿನಲ್ಲಿ ಹೊಕ್ಕ ಒಂದು ಯೋಚನೆಯನ್ನು ಇಲ್ಲಿ ಬರೆಯುವುದಕ್ಕೂ ಮುಜುಗರ. ಪೆಟ್ಟಿಗೆಯ ಬಾಗಿಲು ತೆರೆದು ಗಾಳಿಯಾಡಲೆಂದು ದೂರ ನಿಂತಾಗಲೆಲ್ಲ, ಒಂದೇ ಒಂದು ಬ್ಯಾಟರಿ ಸಿಡಿಯಬಾರದೇ ಅನ್ನಿಸುತ್ತಿತ್ತು. ಯಾರೂ ಇಲ್ಲದಾಗ, ಯಾರಿಗೂ ತಾಗದ ಹಾಗೆ. ಊರವರು ಸದ್ದು ಕೇಳಿ ಓಡಿಬರಲಿ, ಒಡೆದ ಚೂರು ನೋಡಲಿ. ಮೊದಮೊದಲು ಇಷ್ಟೇ. ಬರಬರುತ್ತ ಆ ಯೋಚನೆಯೊಳಗೆ ಮಾವನೂ ಬಂದು ನಿಂತರು, ಕೈಯಲ್ಲಿ ತಟ್ಟೆ ಹಿಡಿದು. ಆಗ ನಾನು ಓಡುವುದಿಲ್ಲ, ಸುಮ್ಮನೆ ನೋಡುತ್ತ ನಿಂತಿರುತ್ತೇನೆ. ಒಂದು ಮಧ್ಯಾಹ್ನ ಕಿಲುಬು ಉಜ್ಜುತ್ತಿದ್ದಾಗ ಇದು ಹೊಳೆದು, ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ. ಸಾಗರದ ಹಿರಿಯರ ಕುರುಡು ಕಣ್ಣು ಕಂಡವನು ನಾನು. ನನಗೇ ಇಂಥ ಆಸೆ ಬಂತಲ್ಲ ಎಂದು ಮುಖ ಮುಚ್ಚಿಕೊಳ್ಳುವಂತಾಯಿತು.

ಮಗುವಿಗೆ ಐದು ತಿಂಗಳಾದಾಗ ಮೈದುನ ನನ್ನ ಹೆಂಡತಿಯನ್ನು ಕರೆತಂದು ಬಿಟ್ಟುಹೋದ. ಅವಳು ಮಗುವನ್ನು ತೊಟ್ಟಿಲಿಗೆ ಹಾಕಿ, ತೂಗುತ್ತ ಹೇಳಿದಳು. "ಹೊರಡೋ ದಿನ ಅಪ್ಪಯ್ಯನ್ ಹತ್ರ ಮಾತಾಡ್ದೆ. ಆವತ್ತು ನಿಮ್ ಪಕ್ಕ ನಾನೂ ನಿಂತಿದ್ನಲ್ಲ ಅಪ್ಪಯ್ಯ, ಹೊಟ್ಟೇಲಿ ಇವ್ಳೂ ಇದ್ಲಲ್ಲ ಅಂದೆ."

"ಎಂತ ಅಂದ್ರು?"

"ಎದ್ದು ಗದ್ದೆ ಕಡೆ ಹೋದ್ರು."

ಆ ಮಾತನ್ನು ನಾನು ಅಷ್ಟೂ ತಿಂಗಳು ಗಂಟಲಲ್ಲಿ ಇಟ್ಟುಕೊಂಡಿದ್ದೆ. ಮಗು ಸುಖವಾಗಿ ಹುಟ್ಟಿದ ಮೇಲೆ ಅವಳು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದಳು.

ಮುಂದಿನ ದಸರಾಕ್ಕೆ ಬರಬೇಕೆಂದು ಅವಳೇ ತವರಿಗೆ ಹೇಳಿಕಳಿಸಿದಳು. ಮಾವ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಬಂದರೆ ಎಂದುಕೊಂಡು ನಾನು ನನ್ನ ಕೈಲಾದದ್ದೆಲ್ಲ ಮಾಡಿದೆ. ಹಿಂದಿನ ದಿನವೇ ಚಾರ್ಜು ನಿಲ್ಲಿಸಿದೆ. ಕಿಂಡಿಗಳನ್ನೆಲ್ಲ ಕೆರೆದು ಸ್ವಚ್ಛ ಮಾಡಿದೆ. ಬೆಳಿಗ್ಗೆ ಎದ್ದವನೇ ಎರಡೂ ಬಾಗಿಲು ಹಾರುಹೊಡೆದು ಗಾಳಿಗೆ ಬಿಟ್ಟೆ. ಗುಳುಗುಳು ಇಲ್ಲ, ಗ್ಯಾಸಿಲ್ಲ. ಮಾವ ಬಂದರೆ ನಾನೇ ಕೈಹಿಡಿದು ಕಟ್ಟೆಯ ಹತ್ತಿರಕ್ಕೆ ಕರೆದುಕೊಂಡು ಹೋಗುವುದು, ಬಾಗಿಲು ತೆರೆದ ದೇವರಿಗೆ ಅವರು ಊರವರೆದುರು ಮಂಗಳಾರತಿ ಎತ್ತುವುದು, ನಾನು ಪಕ್ಕದಲ್ಲಿ ಗಂಟೆ ಬಾರಿಸುವುದು. ಹೋದ ವರ್ಷ ಚೆಲ್ಲಿದ ಮರ್ಯಾದೆಯನ್ನು ಹೀಗಾದರೂ ಬಳಿದು ಎತ್ತಿಕೊಡಬೇಕೆಂದಿದ್ದೆ.

ಬೆಳಗಿನ ಬಸ್ಸಿಗೆ ಬಂದರು. ಬಾಳೆಗೊನೆ ಇಳಿಸಿ, ಕಾಲು ತೊಳೆದು, ಮೊಮ್ಮಗಳನ್ನು ಎತ್ತಿಕೊಂಡರು. ನನ್ನ ಕಡೆ ನೋಡಿ ತಲೆಯಾಡಿಸಿದರು. ಹೋದ ವರ್ಷಕ್ಕಿಂತ ಹೆಚ್ಚು ಜನ ಸೇರಿದ್ದರು, ಯಾಕೆಂದು ಕೇಳಬೇಕಾಗಿರಲಿಲ್ಲ. ನಾನು ತಟ್ಟೆಯಲ್ಲಿ ಕರ್ಪೂರವಿಟ್ಟು ಎರಡೂ ಕೈಯಲ್ಲಿ ಕೊಟ್ಟೆ. ಅವರು ತೆಗೆದುಕೊಂಡು ಜಗಲಿಯಿಂದ ಇಳಿದರು. ಪೆಟ್ಟಿಗೆಯ ಕಡೆ ತಿರುಗಲಿಲ್ಲ. ಅಂಗಳ ದಾಟಿ, ದಾಸವಾಳದ ಬೇಲಿಯ ಹತ್ತಿರ, ಗೇಟಿನ ಪಕ್ಕ ಹೋಗಿ ನಿಂತರು.

ಅಲ್ಲಿಂದ ತಿರುಗಿ, ಇಡೀ ಊರು ಕೇಳುವಂತೆ, ಒಂದು ವರ್ಷದಲ್ಲಿ ಮೊದಲನೇ ಸಲ ನನ್ನನ್ನೇ ಕರೆದು ಮಾತಾಡಿದರು.

"ಅಳಿಯಂದ್ರೆ, ಇಷ್ಟ್ ದೂರ ಸಾಕಾ? ಇನ್ನೂ ಹಿಂದೆ ಹೋಗ್ಬೇಕಾ?"

ಅದರಲ್ಲಿ ಕುಹಕವಿರಲಿಲ್ಲ. ಕುಹಕವಿರಲಿ ಎಂದು ನಾನು ಅವರ ಮುಖದಲ್ಲಿ ಹುಡುಕಿದೆ. ಹತ್ತಿರ ಬನ್ನಿ ಮಾವ, ಇವತ್ತು ಗ್ಯಾಸಿಲ್ಲ, ನಿಮಗೋಸ್ಕರವೇ ಬಾಗಿಲು ತೆಗೆದಿಟ್ಟಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಹಾಗೆಂದರೆ ಊರವರು, ಹಾಗಾದರೆ ಹೋದ ವರ್ಷದ್ದು ಎಂತದು ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಊರಿಗೆ ಬುದ್ಧಿ ಹೇಳುವ ಮನುಷ್ಯ ಅಷ್ಟು ಜನರೆದುರು ನನ್ನ ಮಾತು ನಂಬಿ ಬೇಲಿಯವರೆಗೆ ಹೋಗಿ ನಿಂತಿದ್ದರು. ಅವರನ್ನು ವಾಪಸು ಕರೆಯುವುದು ಹೇಗೆ?

ಅಷ್ಟರಲ್ಲಿ ಅವರ ಕಣ್ಣು ಮಗಳ ಮೇಲೆ ಹೋಯಿತು. ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಳು.

"ಮಗೂನ್ ಕರ್ಕಂಡ್ ಈಚೆ ಬಾ," ಎಂದರು. "ಅದ್ರಲ್ಲಿ ಗ್ಯಾಸ್ ಇರ್ತದೆ. ಕಣ್ಣಿಗ್ ಕಾಣಲ್ಲ."

ಅವಳು ನನ್ನ ಮುಖ ನೋಡಿದಳು. ಅವತ್ತು ಗ್ಯಾಸಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ನಡೆದು ಹೋಗಿ ತಂದೆಯ ಹಿಂದೆ ನಿಂತಳು. ಅವರು ಮತ್ತೆ ನನ್ನ ಕಡೆ ತಿರುಗಿದರು, ಕರ್ಪೂರ ಹಚ್ಚದೆ, ನನ್ನ ಅಪ್ಪಣೆಗೆ ಕಾಯುತ್ತ.

"ಸಾಕು ಮಾವ," ಎಂದೆ. ತಲೆ ಎತ್ತಿ ಹೇಳಲು ಆಗಲಿಲ್ಲ.