ಮುನಿರಾಜು ಹಚ್ಚಿದ ಸೀರಮ್

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದ ಗಿರಿಜಾಳ ಎರಡೂ ಕೆನ್ನೆಗಳಲ್ಲಿ ಹರೆಯದ ಮೊಡವೆಗಳು ಬಿಟ್ಟುಹೋದ ಗುಳಿಗಳಿದ್ದವು. ಗಂಡ ಮುನಿರಾಜು ಹತ್ತಿರ ಬಂದರೂ ಆಕೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ನಲವತ್ತು ದಾಟಿದ ಮೇಲೆ ಧೈರ್ಯ ಮಾಡಿ, ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಮೈಕ್ರೋನೀಡ್ಲಿಂಗ್ ಚಿಕಿತ್ಸೆ ಮಾಡಿಸಿಕೊಂಡಳು.

ಮನೆಗೆ ಬಂದಾಗ ಮುಖ ಕೆಂಪಗೆ ಊದಿಕೊಂಡು ಉರಿಯುತ್ತಿತ್ತು. ಚರ್ಮ ಸುಧಾರಿಸಿಕೊಳ್ಳಲೆಂದು ಡಾಕ್ಟರು ಪೆಪ್ಟೈಡ್ ಸೀರಮ್ ಕೊಟ್ಟು, ಉಜ್ಜದೆ ಮೆಲ್ಲಗೆ ಒತ್ತಿ ಹಚ್ಚಲು ಹೇಳಿದ್ದರು. ಗಿರಿಜಾಗೆ ಕನ್ನಡಿ ನೋಡಲು ಭಯವಾಯಿತು.

"ಕೊಡಿಲ್ಲಿ, ನಾನ್ ಹಚ್ತೀನಿ," ಎಂದ ಮುನಿರಾಜು. ಸೋಪು ಹಾಕಿ ಕೈ ತೊಳೆದು ಬಂದವನು ಹಾಗೇ ನಿಂತುಬಿಟ್ಟ. ಲೇತ್ ಮಷೀನಿನ ಕೆಲಸದಿಂದ ಅವನ ಬೆರಳುಗಳು ಜಡ್ಡುಗಟ್ಟಿದ್ದವು. "ನನ್ ಕೈ ಒರಟು ಕಣೇ. ನೋವಾದ್ರೆ?"

"ಆದ್ರೆ ಹೇಳ್ತೀನಿ, ಬನ್ನಿ," ಎಂದು ಅವಳು ಕಣ್ಣು ಮುಚ್ಚಿದಳು.

ಅವನು ಕಿರುಬೆರಳಿನ ತುದಿಯಿಂದ ಒತ್ತುತ್ತಾ ಹೋದ. ಗಿರಿಜಾ ಮುಖ ತಿರುಗಿಸಲಿಲ್ಲ.

"ಈ ಕೆನ್ನೆನ ಇಷ್ಟು ಹತ್ರದಿಂದ ಇವತ್ತೇ ನೋಡ್ತಿರೋದು," ಎಂದ.

"ಹೆಂಗಿದೆ?"

"ಬಿಸಿ ಇದೆ," ಎಂದು ಅವನು ಊದತೊಡಗಿದ.

"ಅಯ್ಯೋ, ಊದ್ಬೇಡ್ರೀ, ಡಾಕ್ಟರ್ ಬೈತಾರೆ!" ಎಂದು ಅವಳು ನಕ್ಕಳು. ನಕ್ಕಿದ್ದಕ್ಕೆ ಕೆನ್ನೆ ಚುರುಗುಟ್ಟಿತು.

ಕೆಲವು ದಿನಗಳಲ್ಲಿ ಕೆಂಪು ಇಳಿಯಿತು. ಗುಳಿಗಳು ನಿಧಾನವಾಗಿ ತುಸು ತುಂಬಿಕೊಂಡವು, ಪೂರ್ತಿ ಹೋಗಲಿಲ್ಲ. ಸೀರಮ್ ಹಚ್ಚುವ ಕೆಲಸ ಮಾತ್ರ ಮುನಿರಾಜುವಿನದೇ ಆಗಿ ಉಳಿಯಿತು. ತಾನೇ ಹಚ್ಚಿಕೊಳ್ಳುತ್ತೇನೆಂದು ಗಿರಿಜಾ ಒಮ್ಮೆಯೂ ಹೇಳಲಿಲ್ಲ.