ಸಂಗಮ್ಮತ್ತೆಯ ಕೆಮ್ಮಣ್ಣಿನ ಬೇಳೆ

ಇವತ್ತು ಬೆಳಿಗ್ಗೆ ಅಡುಗೆಮನೆಯ ಅಟ್ಟ ಒರೆಸುವಾಗ ಹಳೆಯ ಟಿಫಿನ್ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದೆನೋ ಇಲ್ಲವೋ, ಎಣ್ಣೆ ಬೆರೆತ ಕೆಮ್ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಎರಡು ಹಿಡಿ ತೊಗರಿಬೇಳೆ, ಹುಳ ಕೂಡ ಹತ್ತಿರಲಿಲ್ಲ. ನಿಮ್ಮ ಮನೆಯ ಬೇಳೆ ಪಾಕೀಟು ಬಿಚ್ಚಿ ಮೂಸಿ ನೋಡಿ, ಪ್ಲಾಸ್ಟಿಕ್ಕಿನ ಹೊರತು ಏನೂ ಬರುವುದಿಲ್ಲ. ಅಂಥ ಬೇಳೆ ಕಳಿಸುವ ತಾಂಡೂರಿನ ಮಿಲ್ಲಿನಲ್ಲೇ ನನ್ನ ಅನ್ನ ಹುಟ್ಟುವುದು. ಹಾಗಾಗಿ ಬೈಯುವ ಹಕ್ಕೂ ನನಗಿಲ್ಲ.

ಪೆದ್ದೆಮುಲ್‌ನ ಸಂಗಮ್ಮ ನನ್ನ ಸೋದರತ್ತೆ. ತೊಗರಿಗೆ ಎಣ್ಣೆ ಸವರಿ, ಕೆಮ್ಮಣ್ಣಿನ ನೀರಲ್ಲಿ ನೆನೆಸಿ, ಮಾಳಿಗೆ ಮೇಲೆ ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದಳು. ನಾರಾಯಣಖೇಡದ ಬೀಗರು ಬಂದರೆ ಮೊದಲು ಕೇಳುತ್ತಿದ್ದುದು ಅವಳ ಆರೋಗ್ಯವನ್ನಲ್ಲ, ಅವಳ ಬೇಳೆಯನ್ನು.

ಎರಡು ವರ್ಷದ ಹಿಂದೆ ನಮ್ಮ ಮಿಲ್ಲಿಗೆ ಬಣ್ಣ ನೋಡಿ ಬೇಳೆ ಆರಿಸುವ ಮಷಿನ್ ಬಂತು. ನಾಲ್ಕು ಗುಂಡಿ ಒತ್ತಲು ಕಲಿತ ನಾನು ವಿಮಾನ ಹಾರಿಸುವವನ ಹಾಗೆ ಬೀಗುತ್ತಿದ್ದೆ. ಅತ್ತೆಯ ಮುಂದೂ ಬೀಗಿದೆ. "ಅತ್ತಿ, ನಿನ್ನ ಬ್ಯಾಳಿ ನಮ್ಮ ಮಷಿನ್ಯಾಗ ಹಾಕಿದ್ರ ಹೈದ್ರಾಬಾದಿನ ಅಂಗಡಿಗೂ ಹೋಗ್ತದ ನೋಡು."

ಪಾಪ, ನಂಬಿದಳು. ಇಳಕಲ್ ಸೀರೆ ಉಟ್ಟು, ಅರ್ಧ ಚೀಲ ಬೇಳೆ ಬಸ್ಸಿಗೆ ಹಾಕಿಕೊಂಡು ಬಂದಳು. ಮಷಿನ್ನಿನ ಸದ್ದಿಗೆ ಹೆದರಿ ಬಾಗಿಲಲ್ಲೇ ನಿಂತಳು. ನಾನು ಬೇಳೆಯನ್ನು ಮಷಿನ್ನಿಗೆ ಸುರಿದೆ. ಬಣ್ಣ ಕೆಟ್ಟ ಕಾಳು ಕಂಡರೆ ಅದು ಗಾಳಿ ಊದಿ ಬೇರೆ ಕೊಳವೆಗೆ ತಳ್ಳುತ್ತದೆ. ಅದರ ಕ್ಯಾಮೆರಾಕ್ಕೆ ಕೆಮ್ಮಣ್ಣಿನ ಕೆಂಪು ಅಂದರೆ ಕೊಳೆ. ಅತ್ತೆಯ ಬೇಳೆಯೆಲ್ಲ ಒಂದು ಕಾಳೂ ಬಿಡದೆ ದನದ ಮೇವಿನ ಚೀಲಕ್ಕೆ ಬಿತ್ತು. ಪಕ್ಕದ ಚೀಲದಲ್ಲಿ ಮೊದಲೇ ಆರಿಸಿಟ್ಟ ಮಿಲ್ ಬೇಳೆ ಹೊಳೆಯುತ್ತಿತ್ತು.

ಮಷಿನ್ ನಿಂತ ಮೇಲೆ ಒಳಗೆ ಬಂದು ಕೇಳಿದಳು: "ಇದ್ರಾಗ ನಂದು ಯಾವ್ದಪ್ಪಾ?"

ನಾನು ಹೊಳೆಯುವುದನ್ನು ತೋರಿಸಿದೆ.

"ಅಯ್ಯ, ಇಷ್ಟ್ ಚಂದ ಆತಾ!" ಅಂದಳು. ಅದನ್ನೇ ಅವಳ ಚೀಲಕ್ಕೆ ತುಂಬಿ, "ಮೊದ್ಲು ಮನ್ಯಾಗ ಮಾಡಿ ಉಂಡು ನೋಡು, ಆಮ್ಯಾಲ ಮಾರೋಣ" ಎಂದು ಕಳಿಸಿದೆ. ಅವಳದರಲ್ಲಿ ಎರಡು ಹಿಡಿ ಮಾತ್ರ ನಾಚಿಕೆಯಿಂದ ನನ್ನ ಟಿಫಿನ್ ಡಬ್ಬಿಗೆ ಎತ್ತಿಟ್ಟುಕೊಂಡೆ. ಉಳಿದದ್ದನ್ನು ಎಮ್ಮೆಗಳು ತಿಂದವು.

ತಿಂಗಳ ಮೇಲೆ ಪೆದ್ದೆಮುಲ್‌ಗೆ ಹೋದಾಗ ನನಗೆ ಬಡಿಸಿ, ತಾನು ಉಣ್ಣದೆ ಕೂತಳು. "ಯಪ್ಪಾ, ನನ್ನ ನಾಲಿಗಿ ಸತ್ತದ. ನನ್ನ ಕೈಲೆ ಮಾಡಿದ ಬ್ಯಾಳಿ ರುಚಿನೇ ನನಗ ತಿಳೀವಲ್ದು. ಇನ್ನ ಮಂದಿಗಿ ಏನ್ ಉಣಿಸ್ಲಿ?"

ಆಗಲಾದರೂ ನಿಜ ಹೇಳಬಹುದಿತ್ತು. "ವಯಸ್ಸಾತಲ್ಲತ್ತಿ" ಅಂದೆ. ಆ ಮಾತಿಗೆ ನನಗೆ ಕ್ಷಮೆಯಿಲ್ಲ. ಮತ್ತೆ ಅವಳು ತೊಗರಿ ನೆನೆಸಲಿಲ್ಲ. ಬೀಸುಕಲ್ಲು ಬಚ್ಚಲಿಗೆ ಹೋಯಿತು, ಮನೆಗೆ ಪಾಕೀಟು ಬಂತು.

ಡಬ್ಬಿಯ ಬೇಳೆಯನ್ನು ಮಧ್ಯಾಹ್ನ ಬೇಯಿಸಿದೆ. ಮನೆಯೆಲ್ಲ ಅತ್ತೆಯ ಮಾಳಿಗೆಯ ವಾಸನೆ. ಜೋಳದ ರೊಟ್ಟಿ ಮುರಿದು ಮುರಿದು ಉಂಡೆ, ತಟ್ಟೆಯನ್ನು ಬೆರಳಿನಿಂದ ಒರೆಸಿ ನೆಕ್ಕಿದೆ. ಅವಳ ನಾಲಿಗೆ ಸತ್ತಿಲ್ಲ, ಇದರ ಒಂದು ತುತ್ತು ಬಾಯಿಗಿಟ್ಟರೆ ಅವಳಿಗೇ ಗೊತ್ತಾಗುತ್ತದೆ, ಈಗಲೇ ಬಸ್ಸು ಹತ್ತಬೇಕು ಅಂದುಕೊಂಡು ಎದ್ದೆ. ಪಾತ್ರೆ ಬಗ್ಗಿಸಿ ನೋಡಿದೆ.

ಒಂದು ಕಾಳೂ ಉಳಿದಿರಲಿಲ್ಲ.